ನಳಿ ತೆಗೆಯುವ ಮುನ್ನ ಅಳತಕ್ಕದ್ದಲ್ಲ

ರೋಗಿ ಭೇಟಿ ಹಾಗೂ ಮುಂಗಡ ಶೋಕ ನಿಯಂತ್ರಣ ವಿಭಾಗ
(ಆಸ್ಪತ್ರೆಯ ಹಿಂಬದಿ, ಬೇವಿನ ಮರದ ಎದುರು), ಜತ್ತ

ಸಂಖ್ಯೆ: ರೋ.ಭೇ./ಮುಂ.ಶೋ./ನಳಿ/೭
ದಿನಾಂಕ: ಜ್ವರ ಇಳಿದ ವಾರ

ವಿಷಯ: ರಕ್ತದಲ್ಲಿ ಬೂಷ್ಟು ಸೇರಿದ ರೋಗಿಯ ಎದೆಯ ನಳಿ ತೆಗೆಯುವ ಕುರಿತು, ಹಾಗೂ ಅದನ್ನು ಕೇಳಿದ ಕೂಡಲೇ ಟೆಂಪೊ ಮಾಡಿಕೊಂಡು ಬರುವ ಕುರಿತು.

ಓದಲಾಗಿದೆ:
೧) ಇದೇ ವಿಷಯದ ಮರಾಠಿ ಸುತ್ತೋಲೆ. ಅದನ್ನು ಓದಿದವರು ತಪ್ಪು ಮಾಡಿರಲಿಲ್ಲ, ತಪ್ಪು ಮಾಡಿದವರು ಓದಿರಲಿಲ್ಲ. ಆದ್ದರಿಂದ ಈ ಕನ್ನಡ ಪ್ರತಿ.
೨) ಕಾವಲುಗಾರ ದತ್ತಾ ಅವರ ಮೌಖಿಕ ವರದಿ: "ಸಾಹೇಬ್ರ, ಅರ್ಧ ಮಾಡಗ್ಯಾಳ ಊರ ಗೇಟಿನ್ಯಾಗ ನಿಂತೈತ್ರಿ."

ಹಿನ್ನೆಲೆ:

ಮಾಡಗ್ಯಾಳದ ಕುರಿಗಾರರ ಮನೆಯ ಶ್ರೀಮತಿ ಬೀರವ್ವ ಅವರಿಗೆ ರಕ್ತದ ಕ್ಯಾನ್ಸರಿಗೆ ಔಷಧಿ ನಡೆದಿತ್ತು. ಆ ಔಷಧಿ ರೋಗದ ಜೊತೆಗೆ ಮೈಯ ಕಾವಲನ್ನೂ ಹೊಡೆದು ಹಾಕುವ ಜಾತಿಯದು. ಕಾವಲಿಲ್ಲದ ಹಟ್ಟಿಗೆ ತೋಳ ನುಗ್ಗಿದಂತೆ ಅವರ ರಕ್ತಕ್ಕೆ ಬೂಷ್ಟಿನ ಬಳಗದ ಸೂಕ್ಷ್ಮಜೀವಿ ನುಗ್ಗಿತು. ಬಂದ ಜ್ವರ ಸಾಮಾನ್ಯ ಇಂಜೆಕ್ಷನ್ನಿಗೆ ಬಗ್ಗಲಿಲ್ಲ. ರಕ್ತವನ್ನು ಬಾಟಲಿಯಲ್ಲಿ ಬೆಳೆಸಿ ನೋಡಿದಾಗ ಬೂಷ್ಟು ಸಿಕ್ಕಿತು. ಡಾ. ಅನುರಾಧಾ ಅವರು ಬೂಷ್ಟಿನ ಔಷಧಿಯನ್ನು ಅಂದೇ ಶುರು ಮಾಡಿ, ಕ್ಯಾನ್ಸರ್ ಔಷಧಿಗೆಂದು ಎದೆಯಲ್ಲಿ ಕೂಡಿಸಿದ್ದ ನಳಿಯನ್ನು ತೆಗೆಯಬೇಕೆಂದು ತೀರ್ಮಾನಿಸಿದರು. ಬೂಷ್ಟು ನಳಿಯ ಒಳಮೈಗೆ ಅಂಟಿ ಕುಳಿತಿರುತ್ತದೆ. ಅಲ್ಲಿ ಔಷಧಿ ಅದನ್ನು ಸರಿಯಾಗಿ ಮುಟ್ಟಲಾರದು, ಅದು ಮಾತ್ರ ಮತ್ತೆ ಮತ್ತೆ ರಕ್ತಕ್ಕೆ ಇಳಿಯುತ್ತದೆ. ನಳಿ ಇದ್ದಷ್ಟು ಹೊತ್ತೂ ಬೀರವ್ವ ಅವರ ಜೀವಕ್ಕೆ ಅಪಾಯ.

ಆದರೆ ನಮ್ಮ ಸೀಮೆಯಲ್ಲಿ ದೊಡ್ಡಾಸ್ಪತ್ರೆಯವರು ನಳಿ ತೆಗೆದರೆಂದರೆ ಅದಕ್ಕೆ ಒಂದೇ ಅರ್ಥ: ಇನ್ನು ಮನೆಗೆ ಒಯ್ಯಿರಿ, ಬಳಗಕ್ಕೆ ತಿಳಿಸಿರಿ. ಸಿಬ್ಬಂದಿಯೊಬ್ಬರು ಹೋಗುತ್ತ ಹೋಗುತ್ತ "ನಾಳಿ ನಳಿ ತೆಗೀತಾರ" ಎಂದು ಹೇಳಿ ಚಹಾಕ್ಕೆ ಹೋದರು. ಅವರು ಚಹಾ ಮುಗಿಸುವಷ್ಟರಲ್ಲಿ ಮಾತು ಮಾಡಗ್ಯಾಳ ಮುಟ್ಟಿ, ಅಲ್ಲಿಂದ ಡಫಳಾಪುರದ ಬೀಗರ ಮನೆಗೂ ಹೋಗಿತ್ತು. ಮರುದಿನ ಬೆಳಿಗ್ಗೆ ಬಳಗ ಟೆಂಪೊದಲ್ಲಿ ಬಂದಿಳಿಯಿತು. ಜೊತೆಗೆ ಒಂದು ಹೊಸ ಸೀರೆಯೂ ಬಂದಿತ್ತು. ಬೀರವ್ವ ಅವರ ಅಣ್ಣ ಶ್ರೀ ಲಗಮಣ್ಣ ಅವರು ಒಪ್ಪಿಗೆಗೆ ಸಹಿ ಹಾಕಲು ನಿರಾಕರಿಸಿ, "ನನ್ನ ಕೈಲೆ ನನ್ನ ತಂಗೀನ ಕಳಸಂಗಿಲ್ರಿ" ಎಂದು ಹೇಳಿ ಮೆಟ್ಟಿಲ ಮೇಲೆ ಕುಳಿತರು.

ಮೇಲಿನ ಸಂಗತಿಗಳನ್ನು ಕೂಲಂಕಷವಾಗಿ ಪರಿಶೀಲಿಸಿ, ಎಲ್ಲರ ಗಮನಕ್ಕೆ ಈ ಕೆಳಗಿನಂತೆ ಸೂಚಿಸಲಾಗಿದೆ.

೧. ನಳಿ ಎಂದರೆ ಔಷಧಿ ಹೋಗುವ ದಾರಿ. ಅದು ಪ್ರಾಣ ಹೋಗುವ ದಾರಿಯಲ್ಲ. ಪ್ರಾಣ ಯಾವ ದಾರಿಯಿಂದ ಹೋಗುತ್ತದೆ ಎಂಬ ಬಗ್ಗೆ ವಿಭಾಗದಲ್ಲಿ ಮಾಹಿತಿ ಲಭ್ಯವಿಲ್ಲ. ಈ ಸಂಬಂಧ ಅರ್ಜಿಗಳನ್ನು ಸ್ವೀಕರಿಸಲಾಗುವುದಿಲ್ಲ.

೨. ಸಿಬ್ಬಂದಿಯು "ನಳಿ ತೆಗೀತಾರ" ಎಂಬಲ್ಲಿ ಮಾತು ನಿಲ್ಲಿಸತಕ್ಕದ್ದಲ್ಲ. "ನಳಿ ತೆಗದು ಕೈಯಾಗ ಸಣ್ಣ ಸೂಜಿ ಹಾಕಿ, ಅದರಾಗ ಔಷಧ ಚಾಲೂ ಇಡ್ತಾರ" ಎಂಬ ಪೂರ್ಣ ವಾಕ್ಯವನ್ನು ಒಂದೇ ಉಸಿರಿನಲ್ಲಿ ಹೇಳತಕ್ಕದ್ದು. ಉಸಿರು ಸಾಲದವರು ಚಹಾ ಕುಡಿದ ನಂತರವೇ ಹೇಳಲು ಆರಂಭಿಸುವುದು. ಫೋನಿನಲ್ಲಿ ಹೇಳುವಾಗ ನಡುವೆ ರೇಂಜ್ ಹೋದಲ್ಲಿ, ಟೆಂಪೊ ಹೊರಡುವ ಮುನ್ನ ಮತ್ತೆ ಫೋನ್ ಮಾಡುವ ಹೊಣೆ ಹೇಳಿದವರದೇ.

೩. ರೋಗಿ ಜೀವಂತವಿರುವಾಗ ಸಾಮೂಹಿಕವಾಗಿ ಅಳುವುದನ್ನು ನಿಷೇಧಿಸಲಾಗಿದೆ. ಈಗಾಗಲೇ ಆರಂಭಿಸಿರುವವರು ಹಾಡುತ್ತಿರುವ ಸಾಲು ಮುಗಿಸಿ ನಿಲ್ಲಿಸಬಹುದು. ತಡೆಯಲಾಗದವರಿಗಾಗಿ ಬೇವಿನ ಮರದ ಕೆಳಗೆ ಸ್ಥಳ ಗುರುತಿಸಲಾಗಿದ್ದು, ಹಾಸಲು ಗೋಣಿಚೀಲ ತಾವೇ ತರತಕ್ಕದ್ದು. ಅಳುವಾಗ ಹಾಡಿ ಹೇಳುವ ಗುಣಗಾನವನ್ನು ರೋಗಿಗೆ ಕೇಳಿಸುವಷ್ಟು ಜೋರಾಗಿ ಮಾಡಕೂಡದು. ಸದರಿ ಪ್ರಕರಣದಲ್ಲಿ ನಾದಿನಿ ಮಾಯಕ್ಕ ಅವರು "ನನಗೆಂದೂ ಎದುರು ಮಾತಾಡಲಿಲ್ಲವ್ವಾ" ಎಂದು ಕಿಟಕಿಯ ಹೊರಗೆ ಹಾಡಿದಾಗ, ಒಳಗಿನಿಂದ ಬೀರವ್ವ ಅವರು "ಮಾಯಕ್ಕಾ, ಹೋದ ದೀಪಾವಳಿಗಿ ಆಡಿದ್ದು ಮರತೇನ?" ಎಂದು ಕೇಳಿದ್ದು ದಾಖಲಾಗಿದೆ. ಇಂಥ ವಿವಾದಗಳನ್ನು ಇತ್ಯರ್ಥಪಡಿಸುವ ಅಧಿಕಾರ ವಿಭಾಗಕ್ಕಿಲ್ಲ.

೪. ಕೊನೆಯ ಸೀರೆ ತಂದವರು ಅದನ್ನು ಚೀಲದಲ್ಲಿಯೇ ಇಟ್ಟುಕೊಳ್ಳತಕ್ಕದ್ದು. ಅದು ರೋಗಿಯ ಕಣ್ಣಿಗೆ ಬಿದ್ದಲ್ಲಿ, ಬಣ್ಣದ ಬಗ್ಗೆ ಅವರು ಹೇಳುವ ಅಭಿಪ್ರಾಯವನ್ನು ಸಹಿಸಿಕೊಳ್ಳತಕ್ಕದ್ದು. ಬೀರವ್ವ ಅವರು ಹೇಳಿದ್ದು ಇಷ್ಟು: "ಇದನ್ನ ಉಡಿಸಿದ್ರ ನಾ ಹೋಗಂಗಿಲ್ಲ. ಬದಲಿ ಮಾಡ್ಕೊಂಡ ಬರ್ರಿ." ಅಂಗಡಿಯವರು ಬದಲಿಸಲು ಒಪ್ಪುವರೋ ಇಲ್ಲವೋ ಎಂಬುದಕ್ಕೆ ಆಸ್ಪತ್ರೆ ಹೊಣೆಯಲ್ಲ.

೫. ದೇವರ ಭಂಡಾರದ ಬಗ್ಗೆ ವಿಭಾಗಕ್ಕೆ ಪೂರ್ಣ ಗೌರವವಿದೆ. ಅದನ್ನು ತಂದವರು ತಮ್ಮ ಹಣೆಗೆ, ಪರಸ್ಪರರ ಹಣೆಗೆ, ತೀರ ಅಗತ್ಯವಿದ್ದಲ್ಲಿ ದತ್ತಾ ಅವರ ಹಣೆಗೆ ಹಚ್ಚಬಹುದು. ನಳಿಯ ಬಾಯಿಗೆ, ಸೂಜಿಯ ಪಟ್ಟಿಗೆ, ಔಷಧಿಯ ಬಾಟಲಿಗೆ ಹಚ್ಚತಕ್ಕದ್ದಲ್ಲ. ಒಳಗೆ ಮೈಯ ಕಾವಲು ಇಲ್ಲದಾಗ ಅರಿಷಿಣದ ಪುಡಿಯೊಂದಿಗೆ ಏನೇನು ಒಳಹೊಕ್ಕೀತೆಂದು ಹೇಳಲಾಗದು. ಹಟ್ಟಿಯಿಂದ ಬಂದ ಕಂಬಳಿಗೂ ಒಳಗೆ ಪ್ರವೇಶವಿಲ್ಲ. ಕಂಬಳಿಯ ಒಡೆಯರಿಗೆ ಕೈ ತೊಳೆದ ನಂತರ, ಒಬ್ಬೊಬ್ಬರಂತೆ, ಗಾಜಿನ ಈಚೆಯವರೆಗೆ ಪ್ರವೇಶವಿದೆ.

೬. ಟಗರಿಗೆ ಹಚ್ಚಿದ ಔಷಧಿಯನ್ನು ಮನುಷ್ಯರಿಗೆ ಸೂಚಿಸುವುದನ್ನು ತಕ್ಷಣದಿಂದ ನಿಲ್ಲಿಸತಕ್ಕದ್ದು. ಮಾಯಕ್ಕ ಅವರ ಮನೆಯ ಟಗರಿನ ಕಿವಿಗೆ ಬೂಷ್ಟು ಹತ್ತಿದ್ದು, ಬೇವಿನೆಣ್ಣೆ ಹಚ್ಚಿದ್ದರಿಂದ ಉದುರಿ ಹೋದದ್ದು, ನಂತರ ಆ ಟಗರು ಒಳ್ಳೆಯ ಬೆಲೆಗೆ ಹೋದದ್ದು ಇವೆಲ್ಲ ನಿಜವೆಂದು ವಿಭಾಗ ಒಪ್ಪುತ್ತದೆ. ಆದರೆ ಚರ್ಮದ ಮೇಲಿನದು ಬೇರೆ, ರಕ್ತದೊಳಗಿನದು ಬೇರೆ. ರಕ್ತದೊಳಗಿನದು ಕಣ್ಣಿಗೂ ಹೋಗಿ ಕೂರಬಹುದು. ಅದಕ್ಕೇ ಡಾಕ್ಟರು ಕಣ್ಣು ನೋಡಿಸಿದ್ದು. "ಜ್ವರ ಬಂದ್ರ ಕಣ್ಣ ಯಾಕ ನೋಡ್ತಾರ, ಬಿಲ್ ಬೆಳಸಾಕ" ಎಂದು ಮೆಟ್ಟಿಲ ಮೇಲೆ ನಡೆದ ಚರ್ಚೆಯನ್ನು ಈ ಮೂಲಕ ಮುಕ್ತಾಯಗೊಳಿಸಲಾಗಿದೆ.

೭. ಬಳಗದವರು ರಜೆ ಪಡೆದು ಬಂದು, ರೋಗಿ ಬದುಕಿರುವುದು ಕಂಡುಬಂದಲ್ಲಿ, ರಜೆಯ ಸಲುವಾಗಿ "ಸತ್ತಿಲ್ಲ" ಎಂಬ ದೃಢೀಕರಣ ಪತ್ರ ನೀಡಲು ಅವಕಾಶವಿಲ್ಲ. ಬದುಕಿದ್ದಾರೆಂದು ಬರೆಸಿಕೊಳ್ಳುವ ವಾಡಿಕೆ ಪಿಂಚಣಿ ಕೊಡುವ ಬ್ಯಾಂಕಿನವರದು. ಅಲ್ಲಿಯೂ ಅದನ್ನು ಸಂಬಂಧಪಟ್ಟವರೇ ಹೋಗಿ ಕೇಳಬೇಕು.

೮. (ಈ ಕಲಮನ್ನು ಸಿಬ್ಬಂದಿ ಎರಡು ಸಲ ಓದತಕ್ಕದ್ದು.) ರೋಗಿಗೆ ಎಚ್ಚರವಿದ್ದಲ್ಲಿ ರೋಗಿಯನ್ನೂ ಕೇಳತಕ್ಕದ್ದು. ಸದರಿ ಪ್ರಕರಣದಲ್ಲಿ ಅಣ್ಣನನ್ನು ಕೇಳಲಾಯಿತು, ಬೀಗರನ್ನು ಕೇಳಲಾಯಿತು, ಟೆಂಪೊದ ಚಾಲಕರು ಸಹ ತಾವಾಗಿಯೇ ಅಭಿಪ್ರಾಯ ನೀಡಿದರು. ಒಳಗೆ ಎಚ್ಚರವಾಗಿ ಮಲಗಿದ್ದ ಬೀರವ್ವ ಅವರನ್ನು ಯಾರೂ ಕೇಳಿರಲಿಲ್ಲ. ಈ ಲೋಪಕ್ಕೆ ವಿಭಾಗವೂ ಹೊಣೆ. ಜ್ವರ ಮತ್ತೆ ಏರತೊಡಗಿತ್ತು. ಲಗಮಣ್ಣ ಅವರನ್ನು ಒಪ್ಪಿಸಲು ಡಾ. ಅನುರಾಧಾ ಅವರು ಬಾಗಿಲಲ್ಲಿ ನಿಂತು ಇನ್ನೊಮ್ಮೆ ಹೇಳುತ್ತಿದ್ದಾಗ ಒಳಗಿನಿಂದ ಮಾತು ಬಂತು:

"ಅಣ್ಣಾ, ನಳಿ ನನ್ನ ಎದಿಯಾಗ ಐತಿ. ಹೊರಗ ಕುಂತು ಪಂಚಾಯ್ತಿ ಯಾಕ ಮಾಡ್ತಿ?"

ಲಗಮಣ್ಣ ಅವರು ಬಾಗಿಲ ಬಳಿ ಬಂದು, ತೆಗೆದರೆ ಏನಾಗುತ್ತದೆಂದು ನಿನಗೆ ಗೊತ್ತಿದೆಯೇ ಎಂದು ಕೇಳಿದರು.

"ಇಟ್ರ ಏನಾಕ್ಕೈತಿ ಅಂತ ಡಾಕ್ಟರ ಬಾಯಾರು ಈಗ ಹೇಳಿದ್ರಲ್ಲ. ನಾ ಕೇಳೀನಿ. ಕುರಿ ಕಾಲಿಗಿ ಮುಳ್ಳ ಹೊಕ್ರ ನೀ ಮುಳ್ಳ ತೆಗೀತಿಯೋ, ಮುಳ್ಳಿಗಿ ಔಷಧ ಹಚ್ಚತಿಯೋ?"

ಲಗಮಣ್ಣ ಅವರು ಬಾಗಿಲಿನಿಂದ ಪಕ್ಕಕ್ಕೆ ಸರಿದರು. ಬೀರವ್ವ ಅವರು ಡಾಕ್ಟರ ಕಡೆ ತಿರುಗಿ, "ತಗೀರಿ ಬಾಯಾರ. ತಗದ ಮ್ಯಾಲ ನನ್ನ ಎಬ್ಬಿಸಿ ಕುಂದ್ರಸ್ರಿ, ಅವರಿಗಿ ಕಾಣಂಗ" ಎಂದರು. ಹೆಬ್ಬೆಟ್ಟನ್ನು ತಾವೇ ಒತ್ತಿದರು.

೯. ನಳಿ ತೆಗೆದ ನಂತರ, ರೋಗಿ ಎದ್ದು ಕುಳಿತದ್ದನ್ನು ಗಾಜಿನಿಂದ ಕಂಡು ಅಳುವುದಕ್ಕೆ ಅನುಮತಿ ಇದೆ. ಈ ಸೌಲಭ್ಯವನ್ನು ಮೊದಲು ಪಡೆದವರು ಶ್ರೀ ಲಗಮಣ್ಣ. ಅವರಿಗೆ ಗೋಣಿಚೀಲದಿಂದ ವಿನಾಯಿತಿ ನೀಡಲಾಯಿತು.

೧೦. ಜ್ವರ ಇಳಿದ ಕೂಡಲೇ "ಆರಾಮ ಆತು, ಬಿಡ್ರಿ, ಒಯ್ತೀವಿ" ಎನ್ನತಕ್ಕದ್ದಲ್ಲ. ಬೀರವ್ವ ಅವರ ರಕ್ತ ಈಗ ಸ್ವಚ್ಛವಿದೆಯೆಂದು ಪರೀಕ್ಷೆ ಹೇಳಿದೆ. ಔಷಧಿ ನಿಲ್ಲಿಸುವ ದಿನವನ್ನು ಆ ಪರೀಕ್ಷೆಯಿಂದ ಎಣಿಸಲಾಗುತ್ತದೆ, ಜ್ವರ ಇಳಿದ ದಿನದಿಂದಲ್ಲ, ಟೆಂಪೊ ಬಾಡಿಗೆಯಿಂದಂತೂ ಅಲ್ಲ. ಇನ್ನೂ ಎರಡು ವಾರ ಔಷಧಿ ನಡೆಯಬೇಕು. ಕ್ಯಾನ್ಸರ್ ಮುಂದೆ ಏನು ಮಾಡುವುದೆಂಬುದು ಈ ವಿಭಾಗದ ವ್ಯಾಪ್ತಿಗೆ ಬರುವುದಿಲ್ಲ. ಬೂಷ್ಟಿನಿಂದ ಅವರು ಹೋಗಲಿಲ್ಲ ಎಂಬುದಷ್ಟೇ ವಿಭಾಗಕ್ಕೆ ತಿಳಿದಿದೆ, ಸದ್ಯಕ್ಕೆ ಅಷ್ಟು ಸಾಕು.

ಈ ಸುತ್ತೋಲೆಯನ್ನು ಮೀರಿ ನಡೆದವರನ್ನು ಬೀರವ್ವ ಅವರ ಮುಂದೆ ಹಾಜರುಪಡಿಸಲಾಗುವುದು.

(ಸಹಿ/-)
ಪ್ರಭಾರ ಮುಖ್ಯಸ್ಥರು
ರೋಗಿ ಭೇಟಿ ಹಾಗೂ ಮುಂಗಡ ಶೋಕ ನಿಯಂತ್ರಣ ವಿಭಾಗ
ಜತ್ತ

ಪ್ರತಿಗಳು:
೧) ಡಾ. ಅನುರಾಧಾ ಅವರಿಗೆ, ಮಾಹಿತಿಗಾಗಿ.
೨) ಚಹಾಕ್ಕೆ ಹೋದ ಸಿಬ್ಬಂದಿಗೆ, ಹಿಂದಿರುಗಿದ ನಂತರ.
೩) ಶ್ರೀ ದತ್ತಾ, ಕಾವಲುಗಾರರು, ಹಣೆ ತೊಳೆದುಕೊಂಡು ಗೇಟಿಗೆ ಅಂಟಿಸಲು.
೪) ಮಾಯಕ್ಕ ಅವರಿಗೆ, ದೀಪಾವಳಿಯ ಬಾಬತ್ತಿನ ಕುರಿತು ತಮ್ಮ ಹೇಳಿಕೆಯನ್ನು ರೋಗಿಗೇ ನೇರವಾಗಿ ಸಲ್ಲಿಸುವ ಸೂಚನೆಯೊಂದಿಗೆ.
೫) ಟೆಂಪೊದ ಚಾಲಕರಿಗೆ, ಅವರ ಅಭಿಪ್ರಾಯಕ್ಕೆ ಧನ್ಯವಾದಗಳೊಂದಿಗೆ.
೬) ಶ್ರೀ ಲಗಮಣ್ಣ, ಮೆಟ್ಟಿಲು. ಈಗ ಒಳಗೆ ಬಂದು ಕುರ್ಚಿಯ ಮೇಲೆ ಕೂರಬಹುದು.
೭) ಶ್ರೀಮತಿ ಬೀರವ್ವ ಅವರಿಗೆ. ಮೊದಲು ಇವರಿಗೆ ಓದಿ ಹೇಳಿ, ಒಪ್ಪಿದರೆ ಮಾತ್ರ ಮೇಲಿನವರಿಗೆ ಹಂಚತಕ್ಕದ್ದು.