ಸೂರ್ಯನನ್ನು ಕೂಲಿಗಿಟ್ಟುಕೊಂಡ ಭಾವ

ಸೂರ್ಯನನ್ನು ಕೂಲಿಗೆ ಇಟ್ಟುಕೊಂಡ ಮನುಷ್ಯನನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ನನ್ನ ಅಕ್ಕನ ಗಂಡ! ಮೋಡ ಕವಿದ ದಿನ ಅವರು ಮಹಡಿಯಿಂದ ಇಳಿದು ಬಂದು, "ಇವತ್ತು ಆಳು ಬಂದಿಲ್ಲ ಕಣೇ, ಸೌದೆ ಹಚ್ಚು" ಎಂದು ಅಕ್ಕನಿಗೆ ಹೇಳುತ್ತಿದ್ದರು. ಮೊದಲ ಸಲ ಕೇಳಿದಾಗ ಯಾವ ಆಳು ಎಂದು ನಾನು ಬೀದಿಗೆ ಹೋಗಿ ನೋಡಿ ಬಂದಿದ್ದೆ.

ಚಿಕ್ಕಬಳ್ಳಾಪುರ ಇನ್ನೂ ಜಿಲ್ಲೆಯಾಗಿರದ ಕಾಲ. ಶಿಡ್ಲಘಟ್ಟದಲ್ಲಿ ಭಾವನದು ರೇಷ್ಮೆ ನೂಲು ತೆಗೆಯುವ ಕಸುಬು. ಗೂಡನ್ನು ಕುದಿನೀರಿನಲ್ಲಿ ಬೇಯಿಸಿದರೇ ಎಳೆ ಬಿಡುವುದು. ಕುದಿನೀರಿಗೆ ಒಲೆ, ಒಲೆಗೆ ಸೌದೆ, ಸೌದೆಗೆ ನಾನು. ಚಿಂತಾಮಣಿ ರಸ್ತೆಯಲ್ಲಿ ನನ್ನದೊಂದು ಸೌದೆ ಡಿಪೋ. ಅದು ಬಿಟ್ಟರೆ ನನ್ನ ಬಗ್ಗೆ ಹೇಳಬೇಕಾದದ್ದು ಒಂದೇ: ದಿನವೂ ತಲೆಗೆ ಹರಳೆಣ್ಣೆ ತಟ್ಟಿಕೊಳ್ಳುತ್ತಿದ್ದೆ. ನಾನು ಬೀದಿಯ ತಿರುವಿನಲ್ಲಿರುವಾಗಲೇ ಅಕ್ಕ ವಾಸನೆ ಹಿಡಿದು ಕಾಫಿಗೆ ನೀರಿಡುತ್ತಿದ್ದಳು.

ಅಂಥ ನನ್ನ ಎದುರಿಗೇ ಭಾವ ಒಂದು ಬೆಳಿಗ್ಗೆ, "ಇನ್ಮೇಲೆ ಬಿಸಿಲಲ್ಲೇ ಗೂಡು ಬೇಯಿಸ್ತೀನಿ ಕಣೋ" ಅಂದರು. ದೊಡ್ಡ ಬಾಣಲೆಯಂಥ ಕಬ್ಬಿಣದ ಚೌಕಟ್ಟು ಮಾಡಿಸಿ, ಒಳಗೆಲ್ಲ ಕನ್ನಡಿ ಚೂರು ಅಂಟಿಸುವುದು. ಬಿದ್ದ ಬಿಸಿಲೆಲ್ಲ ಒಂದೇ ಕಡೆ ಸೇರಿ, ಅಲ್ಲಿಟ್ಟ ಕರಿ ಹಂಡೆಯ ನೀರು ಕುದಿಯುವುದು. ಯಾವುದೋ ಪತ್ರಿಕೆಯಲ್ಲಿ ಚಿತ್ರ ನೋಡಿದ್ದರಂತೆ.

ಕನ್ನಡಿಗೆ ಏನು ಮಾಡಿದರು ಗೊತ್ತೇ? ಒಡೆದ ಕನ್ನಡಿ ಮನೆಯಲ್ಲಿಟ್ಟುಕೊಳ್ಳಬಾರದು ಎಂಬ ನಂಬಿಕೆ ನಮ್ಮ ಕಡೆ ಇದೆಯಲ್ಲ, ಅದನ್ನೇ ಹಿಡಿದರು. ಗೋಣಿಚೀಲ ಹೊತ್ತು ಮನೆಮನೆಗೂ ಹೋದರು. ಜನ ಪೀಡೆ ತೊಲಗಿತೆಂದು ಸಂತೋಷದಿಂದಲೇ ಕೊಟ್ಟರು. ಗೌರಿಬಿದನೂರಿನಲ್ಲಿ ನೆಂಟರ ಮನೆಯ ಬೀರುವಿನ ಮುಂದೆ ಬಹಳ ಹೊತ್ತು ನಿಂತಿದ್ದು, "ಇದು ಯಾವಾಗ ಒಡೆಯುತ್ತೆ ಕಣಮ್ಮಾ?" ಎಂದು ಕೇಳಿದ್ದನ್ನು ನಾನೇ ಕಿವಿಯಾರೆ ಕೇಳಿದ್ದೇನೆ. ಆ ಮನೆಯಾಕೆ ಅವತ್ತು ನಮಗೆ ಊಟಕ್ಕೆ ಹೇಳಲಿಲ್ಲ.

ಮಹಡಿಯ ಮೇಲೆ ಬಾಣಲೆ ಎದ್ದ ದಿನ ಗೇಲಿ ಮಾಡಲೆಂದೇ ಹೋದೆ. ಉರಿಬಿಸಿಲು, ಕೈಯಲ್ಲಿ ಕರಿ ಕೊಡೆ. "ಏನು ಬಾವಾ, ಹಪ್ಪಳ ಒಣಗಿಸ್ತೀರಾ ಇದ್ರಲ್ಲಿ?" ಎಂದು ಹತ್ತಿರ ಹೋದೆ, ಅಷ್ಟೇ. ತಲೆಯ ಮೇಲೆ ಚುರುಚುರು ಸದ್ದು, ಹೊಗೆ. ನನ್ನ ಕೊಡೆ ಹತ್ತಿ ಉರಿಯುತ್ತಿತ್ತು! ನಾನು ಕೊಡೆ ಎಸೆದು ಕುಣಿಯುತ್ತಿದ್ದರೆ ಭಾವ, "ನಿಂತು ಎಷ್ಟು ಹೊತ್ತಾಯ್ತೋ? ಗಡಿಯಾರ ನೋಡ್ದ್ಯಾ?" ಎಂದು ಬರೆದಿಡಲು ಸೀಮೆಸುಣ್ಣ ಹುಡುಕುತ್ತಿದ್ದರು.

ಮಾರನೆಯ ದಿನ ಹಂಡೆ ಕುದಿಯಿತು. ಗೂಡು ಬೆಂದು, ಎಳೆ ಸರಾಗವಾಗಿ ಬಂತು. ಕೊಡೆ ಸುಟ್ಟಾಗಲೂ ನಾನು ಅಷ್ಟು ಬೆಚ್ಚಿಬಿದ್ದಿರಲಿಲ್ಲ. ಒಂದು ಚೂರು ಸೌದೆಯಿಲ್ಲದೆ! ಸುದ್ದಿ ಹೇಗೋ ದೆಹಲಿಗೆ ಮುಟ್ಟಿ, ಇಬ್ಬರು ಅಧಿಕಾರಿಗಳು ನೋಡಲು ಬರುವುದಾಗಿ ಕಾಗದ ಬಂತು. ಸರಿಯಾಗಿ ಕಂಡರೆ ದೇಶದ ರೇಷ್ಮೆ ಊರುಗಳಿಗೆಲ್ಲ ಇಂಥ ಬಾಣಲೆ ಕೊಡಿಸುವ ಯೋಜನೆಗೆ ಸೇರಿಸುತ್ತಾರಂತೆ. ಭಾವ ಆ ಕಾಗದವನ್ನು ದೇವರ ಪಟದ ಹಿಂದೆ ಸಿಕ್ಕಿಸಿದರು. ನನಗೆ ಕಂಡದ್ದು ಮಾತ್ರ ನನ್ನ ಡಿಪೋದ ಬಾಗಿಲಿಗೆ ಬೀಳುವ ಬೀಗ.

ಮುಂದಿನದನ್ನು ಇಷ್ಟು ವರ್ಷ ಯಾರ ಮುಂದೆಯೂ ಹೇಳಿಲ್ಲ. ಅಧಿಕಾರಿಗಳನ್ನು ಕರೆತರಲು ಭಾವ ಬಸ್ ಸ್ಟ್ಯಾಂಡಿಗೆ ಹೊರಟಾಗ, "ನೀವು ಹೋಗಿ ಬಾವಾ, ಕನ್ನಡಿ ನಾನು ಒರೆಸಿಡ್ತೀನಿ" ಎಂದೆ. ಒರೆಸಿದೆ. ಹರಳೆಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ, ಒಂದು ಚೂರನ್ನೂ ಬಿಡದೆ ಒರೆಸಿದೆ. ಉಳಿದ ಕೆಲಸವನ್ನು ಎಣ್ಣೆಗೆ ಅಂಟಿದ ರಸ್ತೆಯ ಕೆಂಧೂಳು ಮಾಡಿತು.

ಅಧಿಕಾರಿಗಳು ಮಧ್ಯಾಹ್ನದವರೆಗೂ ಕಾದರು. ನೀರು ಬೆಚ್ಚಗಾಯಿತೇ ಹೊರತು ಕುದಿಯಲಿಲ್ಲ. ಪಕ್ಕದ ಮನೆಯ ನೂಲು ತೆಗೆಯುವ ಸಾಹೇಬರು ಹಂಡೆಗೆ ಕೈಯಿಟ್ಟು, "ಗೂಡಿಗೆ ಸಾಲ್ದು ಯಜಮಾನ್ರೇ, ನಮ್ಗೆ ಸ್ನಾನಕ್ಕೆ ಆಗ್ತದೆ" ಎಂದರು. ಎಲ್ಲರೂ ನಕ್ಕರು. ಭಾವ ಬಾಣಲೆಯೊಳಗೆ ಬಗ್ಗಿ ಒಂದು ಚೂರನ್ನು ಬೆರಳಿನಿಂದ ಮುಟ್ಟಿದರು. ಆ ಬೆರಳನ್ನು ಪಂಚೆಗೆ ಒರೆಸಿಕೊಂಡು, "ನನ್ ಲೆಕ್ಕದಲ್ಲೇ ಎಲ್ಲೋ ತಪ್ಪಾಗಿದೆ ಸಾರ್" ಎಂದರು. ಅಧಿಕಾರಿಗಳು ಏನೋ ಬರೆದುಕೊಂಡು ಹೋದರು. ಮತ್ತೆ ಕಾಗದ ಬರಲಿಲ್ಲ. ಆ ವಾರವೂ ಭಾವ ನನ್ನ ಡಿಪೋದಲ್ಲೇ ಸೌದೆ ಕೊಂಡರು.

ಎಲ್ಲೋ ದೂರದಲ್ಲಿ ಸಾಲು ಸಾಲು ಕನ್ನಡಿ ನಿಲ್ಲಿಸಿ ಬಿಸಿಲಿನಿಂದ ಹಬೆ ತೆಗೆಯುತ್ತಾರೆ ಎಂದು ಈಗ ಪತ್ರಿಕೆಯಲ್ಲಿ ಓದುವಾಗಲೆಲ್ಲ ನಾನು ಪುಟ ತಿರುಗಿಸಿಬಿಡುತ್ತೇನೆ.

ಅಧಿಕಾರಿಗಳು ಬಂದುಹೋದ ಅದೇ ವರ್ಷ ಗೌರಿ ಹಬ್ಬ ಬಂತು. ತವರಿನಿಂದ ಅಕ್ಕನಿಗೆ ಬಾಗಿನ ಒಯ್ಯಬೇಕಾದವನು ನಾನೊಬ್ಬನೇ. ಹೋಗಲು ಕಾಲು ಬರಲಿಲ್ಲ, ಆದರೂ ಹೋದೆ. ಮೊರ ಅಕ್ಕನ ಕೈಗಿತ್ತು ಹೊರಡಬೇಕು, ಅಷ್ಟರಲ್ಲಿ ಮಹಡಿಯಿಂದ ಭಾವ ಕೂಗಿದರು. ಹೋಗಿ ನೋಡುತ್ತೇನೆ, ಬಟ್ಟಲು ತುಂಬ ಸೀಗೆಪುಡಿ ಕಲಸಿಟ್ಟುಕೊಂಡು ಕನ್ನಡಿ ಉಜ್ಜುತ್ತಿದ್ದಾರೆ.

"ಸೋಪಿಗೆ ಹೋಗ್ಲಿಲ್ಲ ಕಣೋ. ಹರಳೆಣ್ಣೆಗೆ ಸೀಗೆಪುಡೀನೇ ಆಗ್ಬೇಕು."

"ಬಾವಾ... ನಿಮಗೆ ಯಾವಾಗ ಗೊತ್ತಾಯ್ತು?"

"ಬಸ್ ಸ್ಟ್ಯಾಂಡಿಂದ ಬಂದು ಮೆಟ್ಲು ಹತ್ತೋವಾಗ್ಲೇ. ಮಹಡಿಯೆಲ್ಲಾ ನಿನ್ ತಲೆ ವಾಸನೆ, ನಂಗೊತ್ತಾಗಲ್ವೇನೋ? ಯಾಕೆ ಅಂತ ಗೊತ್ತಾಗಿದ್ದು ಮಾತ್ರ ನೀರು ಕುದೀದೇ ಇದ್ದಾಗ."

"ಅವತ್ತೇ ಅವರ ಮುಂದೆ ಹೇಳಬಹುದಿತ್ತಲ್ಲ?"

ಭಾವ ಉಜ್ಜುವುದನ್ನು ನಿಲ್ಲಿಸಲಿಲ್ಲ. "ಹೇಳಿದ್ದಿದ್ರೆ ಇವತ್ತು ನೀನು ಬರ್ತಿದ್ಯಾ? ನಿಮ್ಮಕ್ಕ ಬೆಳಿಗ್ಗೆಯಿಂದ ನಾಲ್ಕು ಸಲ ಬಾಗಿಲಿಗೆ ಬಂದು ನೋಡಿದ್ಲು ಕಣೋ."

ಕೆಳಗೆ ಅಕ್ಕ ಮೊರದ ಬಳೆಗಳನ್ನು ಆಗಲೇ ಕೈಗೆ ಹಾಕಿ ನೋಡುತ್ತಿದ್ದ ಸದ್ದು ಕೇಳಿಸುತ್ತಿತ್ತು. ಭಾವ ಒಂದು ಹಳೆ ಬಟ್ಟೆಯನ್ನು ನನ್ನ ಕಡೆ ಎಸೆದರು. ನಾನು ಕೂತು ಉಜ್ಜತೊಡಗಿದೆ. ಊರಿನ ಅಷ್ಟೂ ಮನೆಗಳ ಕನ್ನಡಿ ಚೂರುಗಳು ಅಲ್ಲಿದ್ದವು. ಒಂದರಲ್ಲೂ ನನ್ನ ಮುಖ ನೋಡಿಕೊಳ್ಳಲು ಧೈರ್ಯ ಬರಲಿಲ್ಲ.

ಭಾವ ಮೋಡ ಕವಿದ ಆಕಾಶದ ಕಡೆ ಒಮ್ಮೆ ನೋಡಿದರು.

"ನಿಧಾನಕ್ಕೆ ಉಜ್ಜೋ. ಆಳಿಗೂ ಇವತ್ತು ಹಬ್ಬ."