ರೀ ಸ್ವಾಮೀ, ಇದು ಪೇಟೆಯೇ?

ಗರಗರಗರ... ಢಣ್! ಶನಿವಾರ ಮಧ್ಯಾಹ್ನವಾಯಿತೆಂದರೆ ಪರ್ತ್ ಪೇಟೆಯ ಶಟರ್‌ಗಳೆಲ್ಲ ಒಂದರ ಹಿಂದೊಂದು ಬೀಳುತ್ತಿದ್ದ ಆ ಸದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ. ಆಮೇಲೆ ಸೋಮವಾರದವರೆಗೆ ಪಿನ್‌ಡ್ರಾಪ್ ಸೈಲೆನ್ಸ್. ಆ ಸೈಲೆನ್ಸನ್ನು ಮುರಿದ ಏಕೈಕ ಮಹಾಪುರುಷರು ನಮ್ಮ ಮನೆಯಲ್ಲಿದ್ದರು. ಆಸ್ಟ್ರೇಲಿಯಾದ ಮೂರು ನಗರಗಳನ್ನು ಬರೀ ಗಂಟಲಿನಿಂದ ಅಳೆದವರು ಪ್ರಪಂಚದಲ್ಲಿ ಇನ್ಯಾರಿದ್ದಾರೆ, ಹೇಳಿ!

ಅವರು ನನ್ನ ಗಂಡನ ಸೋದರಮಾವ. ಮೈಸೂರಿನಲ್ಲಿ ಡ್ರಿಲ್ ಮಾಸ್ಟರಾಗಿ ರಿಟೈರಾದವರು. ತಾಯಿಯಿಲ್ಲದ ನಮ್ಮವರನ್ನು ಸಾಕಿ ಡಾಕ್ಟರ್ ಓದಿಸಿದವರು. ಎಂಬತ್ತರ ದಶಕದ ಶುರುವಿನಲ್ಲಿ ನಮ್ಮವರು ಆಸ್ಪತ್ರೆಯಿಂದ ಆಸ್ಪತ್ರೆಗೆ ಪರ್ತ್, ಬ್ರಿಸ್ಬೇನ್, ಅಡಿಲೇಡ್ ಅಂತ ಹೋದಲ್ಲೆಲ್ಲ ಮಾವನೂ ಜೊತೆಗೆ. ಪಂಚೆ, ಕೋಟು, ಬಿಳೀ ಕ್ಯಾನ್ವಾಸ್ ಶೂ.

ಅವರ ಶಾಸ್ತ್ರ ಸರಳ. ಪೇಟೆಯ ನಟ್ಟನಡುವೆ ಅಟೆನ್ಷನ್‌ನಲ್ಲಿ ನಿಂತು "ರೀ ಸ್ವಾಮೀ!" ಅಂತ ಕೂಗುವುದು, ಎಷ್ಟು ತಲೆ ತಿರುಗಿತು ಅಂತ ಎಣಿಸುವುದು.

"ದೇವರಾಜ ಮಾರ್ಕೆಟ್ಟಲ್ಲಿ ಕೂಗಿದ್ರೆ ನಲವತ್ತು ತಲೆ ಗ್ಯಾರಂಟಿ. ಅದರಲ್ಲಿ ಇಬ್ಬರು 'ಏನ್ರೀ?' ಅಂತ ಹತ್ರಾನೇ ಬರ್ತಾರೆ. ಪೇಟೆ ಅಂದ್ರೆ ಅಂಗಡಿ ಅಲ್ಲ ಪುಟ್ಟೀ, ತಿರುಗೋ ತಲೆ!"

"ಇವರಿಗೆ ಕನ್ನಡ ಬರಲ್ಲ ಮಾವ, ಪ್ಲೀಸ್," ಅಂದೆ ನಾನು, ಅಂದರೆ ಅವರ ಪುಟ್ಟಿ.

"ಕಿವಿ ಇದೆ ತಾನೇ?"

ಪರ್ತಿನ ಆ ಶನಿವಾರ ಕೂಗಿಯೇಬಿಟ್ಟರು. "ಮೂರು!" ಅಂದರು.

"ತಾತಾ, ಟೂ ಆಫ್ ದೆಮ್ ವರ್ ಸೀಗಲ್ಸ್!" ಅಂದಳು ನನ್ನ ಮಗಳು.

ಎರಡು ಕಡಲಹಕ್ಕಿಗಳದಾದರೆ ಮೂರನೆಯದು ಪೊಲೀಸಿನವನದು. ಮಾವ ಅವನಿಗೊಂದು ಸೆಲ್ಯೂಟ್ ಹೊಡೆದರು. ನಾನು? ಯಾವುದೋ ಅಂಗಡಿಯ ಶಟರನ್ನೇ ಬಹಳ ಇಂಟರೆಸ್ಟಿನಿಂದ ವಿಂಡೋ ಶಾಪಿಂಗ್ ಮಾಡುತ್ತಿದ್ದೆ!

ಬ್ರಿಸ್ಬೇನಿನಲ್ಲಿ ಹ್ಯಾಟು ಹಾಕಿದ ಮುದುಕನೊಬ್ಬ "ಯೂ ರೈಟ್, ಮೇಟ್?" ಅಂತ ಹತ್ತಿರವೇ ಬಂದ. ಇಡೀ ಆರ್ವೋ, ಅಂದರೆ ಮಧ್ಯಾಹ್ನ, ಒಂದೇ ಬೆಂಚಿನಲ್ಲಿ ಅವನು ಇಂಗ್ಲಿಷಿನಲ್ಲಿ, ಇವರು ಕನ್ನಡದಲ್ಲಿ, ಇಬ್ಬರೂ ತಮ್ಮ ತಮ್ಮ ಮಂಡಿನೋವಿನ ಬಗ್ಗೆ! ನಾನು ಕಾರಿನಲ್ಲಿ ಮುದುಡಿ ಕೂತಿದ್ದೆ. "ಜನ ಕಮ್ಮಿ, ಮನುಷ್ಯತ್ವ ಜಾಸ್ತಿ. ಬ್ರಿಸ್ಬೇನ್ ಪಾಸ್!" ಅಂದರು ಮಾವ.

ಇನ್ನು ಅಡಿಲೇಡ್. ಇದನ್ನು ಬರೆಯುವುದು ಬೇಡ ಅಂತ ಎಷ್ಟು ವರ್ಷ ಮುಂದೂಡಿದ್ದೇನೋ!

ಶುಕ್ರವಾರ ಸಂಜೆ ಅಲ್ಲಿ ಅಂಗಡಿಗಳು ತೆರೆದಿರುತ್ತಿದ್ದವು, ಜನವೋ ಜನ. ನಮ್ಮವರ ಹಿರಿಯ ಡಾಕ್ಟರರ ಹೆಂಡತಿ ಅಂದು ಮೊದಲ ಸಲ ನನ್ನನ್ನು ಕಾಫಿಗೆ ಕರೆದಿದ್ದರು. ಆ ಲೇಡೀಸ್ ಸರ್ಕಲ್ಲಿಗೆ ಸೇರಲು ನಾನು ಪಟ್ಟ ಪಾಡು ಹೇಳತೀರದು. ಇಬ್ಬರೂ ನಗುತ್ತ ನಡೆಯುತ್ತಿದ್ದಾಗ ಹಿಂದಿನಿಂದ ಬಂತು, ಆ ಗಂಟಲು! ಆದರೆ "ರೀ ಸ್ವಾಮೀ" ಅಲ್ಲ.

"ಪುಟ್ಟೀ! ಏ ಪುಟ್ಟೀ!"

ಇಡೀ ಬೀದಿ ತಿರುಗಿತು. ನಾನು ತಲೆ ತಿರುಗಿಸದೆ ಅಂಗಡಿಯ ಗಾಜಿನಲ್ಲಿ ಓರೆಗಣ್ಣಿನಿಂದ ನೋಡಿದೆ: ಮಂಕಿ ಕ್ಯಾಪು, ಪಂಚೆ, ಕೈಯಲ್ಲಿ ನಾನು ಮರೆತುಬಂದಿದ್ದ ಕಾರ್ಡಿಗನ್. ಚಳಿಯಲ್ಲಿ ಬಸ್ ಹಿಡಿದು ತಂದಿದ್ದರು.

"ನಿಮಗೆ ಗೊತ್ತಿರುವವರಾ?" ಅಂತ ಕೇಳಿದರು ಆಕೆ.

"ನೆವರ್ ಸೀನ್ ಹಿಮ್," ಅಂದೆ. ಎಷ್ಟು ಅಚ್ಚುಕಟ್ಟಾದ ಉಚ್ಚಾರಣೆ! ಕಾನ್ವೆಂಟಿನ ಸ್ಕ್ರಿಪ್ಚರ್ ಕ್ಲಾಸಿನಲ್ಲಿ ಕೋಳಿ ಕೂಗುವ ಮೊದಲು ತನ್ನ ಗುರುವನ್ನೇ ಮೂರು ಸಲ 'ಅರಿಯೆ' ಅಂದ ಶಿಷ್ಯನ ಕಥೆ ಹೇಳಿ ನಾನು ಪ್ರೈಜ್ ತೆಗೆದುಕೊಂಡಿದ್ದೆ. ನನಗೆ ಒಂದೇ ಸಲ ಸಾಕಾಯಿತು.

ಮನೆಗೆ ಬಂದರೆ ಕಾರ್ಡಿಗನ್ ನನ್ನ ಕುರ್ಚಿಯ ಮೇಲೆ ನೀಟಾಗಿ ಮಡಿಸಿಟ್ಟಿತ್ತು. ನಮ್ಮವರು ನಗುತ್ತ, "ಅಡಿಲೇಡ್ ರಿಸಲ್ಟ್ ಏನು ಮಾವ?" ಅಂದರು.

ಮಾವ ನನ್ನ ಕಡೆ ನೋಡಲಿಲ್ಲ. "ಫಸ್ಟ್ ಕ್ಲಾಸ್ ಪೇಟೆ ಕಣೋ. ಕೂಗಿದ್ದಕ್ಕೆ ಎಲ್ಲಾ ತಲೇನೂ ತಿರುಗ್ತು."

ಮೂವತ್ತು ವರ್ಷ ಹುಡುಗರ ತಲೆ ಎಣಿಸಿದ ಡ್ರಿಲ್ ಮಾಸ್ಟರು, ಒಂದು ತಲೆಯಷ್ಟು ಸುಳ್ಳು ಹೇಳಿದರು.

ಆಮೇಲೆ ಅವರು ಯಾವ ಪೇಟೆಯಲ್ಲೂ ಕೂಗಲಿಲ್ಲ. "ಮಂಡಿಗೆ ಈ ಚಳಿ ಆಗಲ್ಲಪ್ಪ" ಅಂತ ಮೈಸೂರಿಗೆ ಹೊರಟರು. ಏರ್‌ಪೋರ್ಟಿನ ಗೇಟಿನವರೆಗೆ ಲೆಫ್ಟ್ ರೈಟ್ ನಡೆದುಹೋದ ಆ ಬಿಳೀ ಶೂಗಳನ್ನು ನೋಡುತ್ತ ನಿಂತಿದ್ದೆ. ಮಾವಾ ಅಂತ ಕೂಗಬೇಕು, ಎಲ್ಲರೂ ತಿರುಗಿ ನೋಡುವ ಹಾಗೆ ಕೂಗಬೇಕು ಅನ್ನಿಸಿತು.

ಯಾರೂ ಕೂಗಲಿಲ್ಲ. ಆದರೂ ಅವರು ತಿರುಗಿ ನೋಡಿದರು.