ವಿದ್ಯುತ್ ವಿಭಾಗದ ಎಂಟು ಮೋಟರುಗಳ ಬಗ್ಗೆ ಬಂದ ನೋಟಿಸಿಗೆ ಉತ್ತರ

ಇಂದ,
ಶೈಲಾ ಅಲ್ಲಪ್ಪ ಹೊಸಮನಿ,
ಬಿ.ಇ. ಪ್ರಥಮ ವರ್ಷ, ವಿದ್ಯುತ್ ವಿಭಾಗ (ಇದ್ದರೆ),
ಸಾ: ತುಕ್ಕಾನಟ್ಟಿ, ತಾ: ಮೂಡಲಗಿ.

ಗೆ,
ಮಾನ್ಯ ಕುಲಸಚಿವರು,
ಹುಕ್ಕೇರಿ ರಸ್ತೆಯ ವಿಶ್ವವಿದ್ಯಾಲಯ
(ಹೆಸರು ಎರಡು ವರ್ಷದಲ್ಲಿ ಮೂರು ಸಲ ಬದಲಾಗಿರುವುದರಿಂದ ರಸ್ತೆಯ ಗುರುತು ಕೊಡಲಾಗಿದೆ).

ವಿಷಯ: ಶಿಸ್ತುಕ್ರಮದ ನೋಟಿಸಿಗೆ ಉತ್ತರ ಹಾಗೂ ಮೂಲ ಅಂಕಪಟ್ಟಿಗಳ ವಾಪಸಾತಿ.

ಉಲ್ಲೇಖ: 1) ತಮ್ಮ ಪ್ರವೇಶ ಪುಸ್ತಿಕೆ, ಪುಟ 4: ‘ಒಂಬತ್ತು ಶಾಖೆಗಳು, ಆಯ್ಕೆ ನಿಮ್ಮದು.’
2) ತಮ್ಮ ನೋಟಿಸು: ‘ತಪಾಸಣಾ ಸಮಿತಿಯ ಮುಂದೆ ಸಂಸ್ಥೆಯ ಉಪಕರಣಗಳಿಗೆ ಅನ್ಯರನ್ನು ವಾರಸುದಾರರೆಂದು ಹೇಳಿದ್ದೇಕೆ?’

ಮಾನ್ಯರೇ,

ಸದರಿ ಅರ್ಜಿದಾರಳ ತಂದೆ ಅಲ್ಲಪ್ಪನವರು ಮೂಡಲಗಿಯಲ್ಲಿ ಸುಟ್ಟ ಮೋಟರುಗಳಿಗೆ ಹೊಸ ತಂತಿ ಸುತ್ತಿಕೊಡುವ ಅಂಗಡಿ ಇಟ್ಟಿದ್ದಾರೆ. ಕಾರಣ, ಅರ್ಜಿದಾರಳಿಗೆ ಒಂಬತ್ತು ಶಾಖೆಗಳಲ್ಲಿ ಬೇಕಾದದ್ದು ಒಂದೇ.

1. ಕಳೆದ ವರ್ಷ ತಂದೆ ಮಗಳು ಗೋಕಾಕದಲ್ಲಿ ಬಸ್ಸು ಬದಲಿಸಿ ತಮ್ಮ ಪ್ರವೇಶ ವಿಭಾಗಕ್ಕೆ ಬಂದರು. ಅಲ್ಲಿದ್ದ ಅಧಿಕಾರಿ ಶ್ರೀ ಶೀತಲ್ ಅವರು, “ಇಲೆಕ್ಟ್ರಿಕಲ್ ಯಾಕ್ ಬೇಕವಾ ನಿನಗ? ಕಂಬಾ ಏರಾಕಿ ಏನು? ಕಂಪ್ಯೂಟರ್ ತಗೊ, ತಂಪಿನ್ಯಾಗ ಕುಂಡರತಿ,” ಎಂದು ಆಯ್ಕೆಯ ಸ್ವಾತಂತ್ರ್ಯವನ್ನು ವಿವರಿಸಿದರು.

ಅಲ್ಲಪ್ಪನವರು ವಾರ್ನಿಷ್ ಹತ್ತಿದ ಕೈಗಳನ್ನು ಮೇಜಿನ ಕೆಳಗೆ ಇಟ್ಟುಕೊಂಡೇ, “ಏರಿದ್ರ ಏರ್ಲಿ ಬಿಡ್ರಿ ಸರ್. ಸಣ್ಣಾಕಿ ಇದ್ದಾಗಿಂದ ನನ್ನ ಅಂಗಡ್ಯಾಗ ಕಾಯಿಲ್ ಸುತ್ತತಾಳ. ಆಕಿ ಕೈ ಛಲೋ ಐತಿ,” ಎಂದರು. ಸೀಟು ಸಿಕ್ಕಿತು. ಮೂಲ ಅಂಕಪಟ್ಟಿಗಳು ಅಂದೇ ತಮ್ಮ ಕಪಾಟು ಸೇರಿದವು.

2. ವಿದ್ಯುತ್ ವಿಭಾಗಕ್ಕೆ ಬೋರ್ಡು ಇತ್ತು, ಬಾಗಿಲಿತ್ತು. ಬಾಗಿಲ ಹಿಂದೆ ಘಟಿಕೋತ್ಸವದ ಗೌನುಗಳೂ ಹಳೇ ಬ್ಯಾನರುಗಳೂ ಇದ್ದವು. ಏಳು ಜನ ವಿದ್ಯಾರ್ಥಿಗಳಿಗೆ ಒಬ್ಬರೇ ಅಧ್ಯಾಪಕರು ಗೋಡೆಯ ಮೇಲೆ ಮೋಟರಿನ ಚಿತ್ರ ಬಿಡುತ್ತಿದ್ದರು. ಚಿತ್ರದಲ್ಲಿ ತಂತಿಯ ಸುತ್ತು ತಪ್ಪಾಗಿದೆ ಎಂದು ಅರ್ಜಿದಾರಳು ಎರಡು ಸಲ ಹೇಳಿ, ಎರಡೂ ಸಲ ಹೊರಗೆ ನಿಂತಳು.

3. ಮಾರ್ಚಿನಲ್ಲಿ ತಪಾಸಣಾ ಸಮಿತಿ ಬರುವ ಸುದ್ದಿ ಬಂತು. ಸಮಿತಿ ಬರುವ ದಿನ ಬೆಳಿಗ್ಗೆ ಅರ್ಜಿದಾರಳು ಒಳಗೆ ಹೋಗಿ ನೋಡಿದರೆ, ಗೌನುಗಳಿಲ್ಲ. ಮೇಜಿನ ಮೇಲೆ ಸಾಲಾಗಿ ಎಂಟು ಮೋಟರು, ಹಸಿರು ಬಣ್ಣ, ಒಂದೊಂದಕ್ಕೂ ವಿಶ್ವವಿದ್ಯಾಲಯದ ಚೀಟಿ. ಅವಳಿಗೆ ಕ್ಷಣಕಾಲ ಸಂತೋಷವೂ ಆಯಿತು ಎಂಬುದನ್ನು ನಾಚಿಕೆಯಿಂದ ನಮೂದಿಸಲಾಗಿದೆ. ಹತ್ತಿರ ಹೋದಾಗ ತಂತಿಯಲ್ಲಿ ಕಟ್ಟಿದ ತಗಡಿನ ತುಂಡುಗಳು ಕಂಡವು. ಅಕ್ಷರ ತಂದೆಯವರದು. ‘ಯಲ್ಲಾಲಿಂಗ, ಕೌಜಲಗಿ, ಅರ್ಜಂಟ್.’ ‘ಗೌರವ್ವ, ಕುಲಗೋಡ.’

ಅದಕ್ಕೆ ಎರಡು ದಿನ ಮೊದಲು ಶೀತಲ್ ಅವರೇ ಮೂಡಲಗಿಗೆ ಹೋಗಿ, “ನಿಮ್ಮ ಮಗಳ ಪ್ರ್ಯಾಕ್ಟಿಕಲ್‌ಗೆ ಬೇಕಾಗ್ಯಾವ ಕಾಕಾ,” ಎಂದಿದ್ದರು. ರಿಪೇರಿಗೆ ಬಂದ ಮಂದಿಯ ಮೋಟರುಗಳನ್ನು ತಂದೆಯವರು ಒರೆಸಿ, ಬಣ್ಣ ಹಚ್ಚಿ, ಕಳಿಸಿದ್ದರು.

ಸಮಿತಿಯ ಹಿರಿಯರು ಒಂದರ ಮೇಲೆ ಕೈಯಿಟ್ಟು, “ಇದೇನಮ್ಮಾ?” ಎಂದರು.

“ಇದು ಕೌಜಲಗಿ ಯಲ್ಲಾಲಿಂಗ ಅವರ ಬಾವಿ ಮೋಟರ್ರಿ ಸರ್. ಕಾಯಿಲ್ ಸುಟ್ಟೈತಿ.”

“ಇದು?”

“ಕುಲಗೋಡ ಗೌರವ್ವಾರದ್ರಿ. ಬೇರಿಂಗ್ ಹೋಗೇತಿ. ನಾಡದು ಒಯ್ಯಾಕ ಬರ್ತಾರ.”

ಹಿರಿಯರು ತಲೆದೂಗಿ ಬರೆದುಕೊಂಡದ್ದು: ‘ರೈತರೊಡನೆ ನೇರ ನಂಟುಳ್ಳ ಮಾದರಿ ಪ್ರಯೋಗಾಲಯ.’ ಸದರಿ ವಿಭಾಗದ ಸೀಟುಗಳು ದುಪ್ಪಟ್ಟಾದವು. ಅರ್ಜಿದಾರಳಿಗೆ ನೋಟಿಸು ಬಂತು.

4. ಸಮಿತಿ ಬಂದ ದಿನವೇ ಮಧ್ಯಾಹ್ನ ಅವಳು ತಂದೆಗೆ ಫೋನು ಮಾಡಿ ನಡೆದದ್ದನ್ನು ಹೇಳಿದಳು.

“ಖುಷೀಲೆ ಕೊಟ್ಟಿದ್ದೆ ನೋಡವಾ,” ಎಂದರು ಅಲ್ಲಪ್ಪನವರು. “ಮಗಳ ಸಾಲಿಗೆ ಹೊಂಟಾವಂತ ತಿಕ್ಕಿ ತಿಕ್ಕಿ ಒರಿಸಿದ್ದೆ. ಇರ್ಲಿ. ಮಂದಿ ಸಾಮಾನ ಅವು. ತಗೊಂಡ ಬಾ.”

ಆದ್ದರಿಂದ ಅರ್ಜಿದಾರಳು ಟಂಟಂ ಗಾಡಿ ಕರೆಸಿ, ಆರು ಸಹಪಾಠಿಗಳ ಕೈಯಿಂದ ಮೋಟರುಗಳನ್ನು ಹೊರಿಸಿದಳು. ಗೇಟಿನ ಕಾವಲುಗಾರ ಬೀರಸಿದ್ದಪ್ಪನವರು ತಡೆಯಲಿಲ್ಲ. ನಿಯಮದ ಪ್ರಕಾರ ರಿಜಿಸ್ಟರಿನಲ್ಲಿ ಬರೆದರು: ‘ವಿದ್ಯುತ್ ವಿಭಾಗ, ಮೋಟರು ನಗ ಎಂಟು, ಹೊರಗೆ ಹೋಯಿತು.’

5. ನೋಟಿಸಿನಲ್ಲಿ ಕೇಳಿರುವ ಲಿಖಿತ ಕ್ಷಮೆಯ ಬಗ್ಗೆ: ಯಲ್ಲಾಲಿಂಗರ ಮೋಟರು ಬಿಚ್ಚಿದಾಗ ಕಾಯಿಲ್ ಸುಟ್ಟಿರಲಿಲ್ಲ, ಕೆಪ್ಯಾಸಿಟರ್ ಹೋಗಿತ್ತು. ಸಮಿತಿಗೆ ಕೊಟ್ಟ ಈ ಒಂದು ತಪ್ಪು ಮಾಹಿತಿಗಾಗಿ ಅರ್ಜಿದಾರಳು ಕ್ಷಮೆ ಕೋರುತ್ತಾಳೆ.

6. ತದನಂತರ ಅವಳು ಸಿಇಟಿ ಮತ್ತೊಮ್ಮೆ ಬರೆದು, ಸರಕಾರಿ ಕಾಲೇಜೊಂದರಲ್ಲಿ ಅದೇ ಶಾಖೆಯ ಸೀಟು ಪಡೆದಿದ್ದಾಳೆ. ಸೇರಲು ಶುಕ್ರವಾರವೇ ಕಡೆಯ ದಿನ. ಮೂಲ ಅಂಕಪಟ್ಟಿಗಳಿಗಾಗಿ ಮೂರು ಸಲ ಬಂದಾಗಲೂ ಶೀತಲ್ ಅವರದು ಒಂದೇ ಉತ್ತರ: “ನೀ ಹ್ವಾದ್ರ ಬ್ರ್ಯಾಂಚಿನ್ಯಾಗ ಮಂದಿ ಕಾಣಬೇಕಲ್ಲವಾ?”

ಕಾರಣ, ಅಂಕಪಟ್ಟಿಗಳನ್ನು ಬುಧವಾರದೊಳಗೆ ಕೊಡಿಸಬೇಕು. ಕೊಡದಿದ್ದಲ್ಲಿ, ಗುರುವಾರ ಬೆಳಿಗ್ಗೆ ಹತ್ತಕ್ಕೆ ಅರ್ಜಿದಾರಳೂ ಅವಳ ತಂದೆಯೂ ತಮ್ಮ ಕಚೇರಿಯ ಎದುರಿನ ಬಾಕಿನ ಮೇಲೆ ಕುಳಿತುಕೊಳ್ಳುವರು. ತಾಯಿಯವರು ಎರಡು ದಿನದ ರೊಟ್ಟಿ ಕಟ್ಟಿಕೊಡಲು ಒಪ್ಪಿದ್ದಾರೆ. ಬಾಕನ್ನು ಖಾಲಿ ಇರಿಸಬೇಕೆಂದು ವಿನಂತಿ.

ತಮ್ಮ ಮೇಲೆ ಒಮ್ಮೆ ವಿಶ್ವಾಸವಿಟ್ಟಿದ್ದ,
ಶೈಲಾ ಅ. ಹೊಸಮನಿ

ಅಡಕ: 1) ನೋಟಿಸಿನ ಪ್ರತಿ. 2) ಗೇಟ್ ರಿಜಿಸ್ಟರಿನ ಪುಟದ ಪ್ರತಿ. 3) ಸರಕಾರಿ ಕಾಲೇಜಿನ ಸೀಟು ಹಂಚಿಕೆ ಪತ್ರ.

(ಅರ್ಜಿಯ ಅಂಚಿನಲ್ಲಿ ಕಚೇರಿಯ ಟಿಪ್ಪಣಿ:) ಬುಧವಾರ ಸಂಜೆಯೊಳಗೆ ಅಂಕಪಟ್ಟಿ ಕೊಟ್ಟು, ಸಹಿ ಪಡೆದು ಕಳಿಸುವುದು. ಗುರುವಾರ ಇನ್ನೊಂದು ಸಮಿತಿ ಬರುವುದಿದೆ.